ತಲೆಯಾಡಿಸಿದ್ದು ಒಂದಕ್ಕೆ, ಸಹಿ ಇನ್ನೊಂದಕ್ಕೆ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತೆ ನೋಡಿ, ದುಡ್ಡಿನ ಮಾತು ಯಾರೇ ಆಡಲಿ, ಬಿಡಿಸಿ ನೋಡೋದು.

ಮುಂಬಯಿಯ ನಮ್ಮ ಬಿಲ್ಡಿಂಗಿನ ರಾಯರು ಈಚೆಗೆ ರಿಟೈರ್ ಆದರು. ಪರಿಚಯದವನೊಬ್ಬ ಅವರಿಗೆ ಒಂದೇ ಉಸಿರಿನಲ್ಲಿ ಹೇಳಿದನಂತೆ: "ಈ ಸಹಕಾರಿ ಬ್ಯಾಂಕಿನಲ್ಲಿ ಬಡ್ಡಿ ಜಾಸ್ತಿ, ಇಂಥ ಒಳ್ಳೇ ಬ್ಯಾಂಕ್ ಇನ್ನೊಂದಿಲ್ಲ, ಬಂದ ಹಣವೆಲ್ಲ ಇಲ್ಲೇ ಇಡಿ."

"ರಾಯರೇ, ಇದರಲ್ಲಿ ಮೂರು ಮಾತಿವೆ" ಅಂದೆ. ಬಡ್ಡಿ ಜಾಸ್ತಿ ಅನ್ನೋದು ಸಂಗತಿ. ದರಪಟ್ಟಿ ನೋಡಿದರೆ ನಿಜವೋ ಸುಳ್ಳೋ ತಿಳಿಯುತ್ತೆ. ಒಳ್ಳೇ ಬ್ಯಾಂಕ್ ಅನ್ನೋದು ಅಭಿಪ್ರಾಯ. ಯಾವುದಕ್ಕೆ ಒಳ್ಳೇದು, ಬಡ್ಡಿಗೋ ಭದ್ರತೆಗೋ ಅಂತ ಕೇಳಬೇಕು. ಎಲ್ಲ ಇಲ್ಲೇ ಇಡಿ ಅನ್ನೋದು ಸಲಹೆ. ಮೊದಲೆರಡು ಸರಿಯಿದ್ದರೂ ಇದು ತಪ್ಪಾಗಬಹುದು. ಬ್ಯಾಂಕ್ ಮುಳುಗಿದರೆ ಗತಿಯೇನು? ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು 2020ರ ಫೆಬ್ರವರಿ 4ರಂದು. ಅದೂ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ರಾಯರ ಗಂಟು ಅದಕ್ಕಿಂತ ದೊಡ್ಡದು.

ನಮ್ಮನ್ನು ಒಪ್ಪಿಸುವವರು ಸುಳ್ಳೇ ಹೇಳಬೇಕೆಂದಿಲ್ಲ. ನಿಜವೊಂದನ್ನು ಮುಂದೆ ಬಿಟ್ಟು, ಅದರ ಬೆನ್ನಿಗೇ ಸಲಹೆಯನ್ನು ಒಳಗೆ ನುಗ್ಗಿಸುತ್ತಾರೆ. ಮೊದಲನೆಯದಕ್ಕೆ ತಲೆಯಾಡಿಸಿದ ಮಾತ್ರಕ್ಕೆ ಮೂರನೆಯದಕ್ಕೆ ಸಹಿ ಹಾಕಬೇಕಿಲ್ಲ. ಏನಂತೀರಿ?