ಯಾರದೂ ಅಲ್ಲದ ಕೋಣೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ತರಗತಿಯ ಹಟಮಾರಿ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮೊಲವೇ ಮಹಾ ಹಟಮಾರಿಯಾದ ಪ್ರಾಣಿ ಎಂಬುದು ನಿವೃತ್ತಿಯ ನಂತರವಷ್ಟೇ ನನಗೆ ಪ್ರತ್ಯಕ್ಷವಾಯಿತು. ಸಾಧುವಿಗೆ ಉಪಮೆಯಾಗಿ ನಾವು ಬಳಸುವ ಈ ಜೀವಿ ತನ್ನ ನೆಲದ ಪ್ರಶ್ನೆ ಬಂದಾಗ ಸಾಧುವಲ್ಲ. ಹಕ್ಕ ಬುಕ್ಕರು ತುಂಗಭದ್ರೆಯ ದಡದಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ಬೇಟೆನಾಯಿಗಳ ಮೇಲೆಯೇ ತಿರುಗಿಬಿದ್ದಿತೆಂದೂ, ಅದು ಗಂಡುಮೆಟ್ಟಿನ ನೆಲವೆಂದು ತಿಳಿದು ಅಲ್ಲಿಯೇ ವಿಜಯನಗರವನ್ನು ಕಟ್ಟಿದರೆಂದೂ ಐತಿಹ್ಯವಿದೆಯಷ್ಟೆ. ಇತಿಹಾಸದ ದೃಷ್ಟಿಯಿಂದ ಅದರ ಬೆಲೆ ಏನೇ ಇರಲಿ, ನೆಲವು ಮೊಲಕ್ಕೆ ಧೈರ್ಯ ಕೊಡುತ್ತದೆ ಎಂಬ ಮಾತಿನಲ್ಲಿ ಜೀವಶಾಸ್ತ್ರದ ಸತ್ಯವಿದೆ.

ನಮ್ಮ ಮನೆಯಲ್ಲಿ ಮಗನ ಮಗ ಸಾಕಿದ್ದ ಬೂದ ಎಂಬ ಗಂಡು ಮೊಲವಿತ್ತು. 2024ರ ಜೂನ್ ತಿಂಗಳಲ್ಲಿ ಮಗಳಿಗೆ ದೂರದ ಊರಿಗೆ ವರ್ಗವಾದ್ದರಿಂದ ಅವಳ ಒಂಬತ್ತು ವರ್ಷದ ಮಗಳು ಓದಿಗಾಗಿ ನಮ್ಮಲ್ಲಿಗೆ ಬಂದಳು. ಜೊತೆಯಲ್ಲಿ ಮಲ್ಲಿ ಎಂಬ ಬಿಳಿಯ ಹೆಣ್ಣು ಮೊಲವೂ ಬಂದಿತು. ಮಲ್ಲಿಯ ಪಂಜರವನ್ನು ಹಜಾರದಲ್ಲಿ ಇಳಿಸಿದ ಅರ್ಧ ಗಂಟೆಯೊಳಗೆ ಬೂದ ಹಿಂಗಾಲಿನಿಂದ ನೆಲವನ್ನು ಬಡಿದು, ಪಂಜರದ ತಂತಿಗೆ ಹಾರಿ ಹಾರಿ ಕಚ್ಚತೊಡಗಿತು. ಒಳಗಿದ್ದ ಮಲ್ಲಿಯೂ ಸುಮ್ಮನಿರಲಿಲ್ಲ. ಬಂದಿದ್ದ ನೆಂಟರೊಬ್ಬರು, ‘ಹೊಂದದಿದ್ದರೆ ಒಂದನ್ನು ಯಾರಿಗಾದರೂ ಕೊಟ್ಟುಬಿಡಿ’ ಎಂದು ಸಹಜವಾಗಿಯೇ ಹೇಳಿದರು. ಯಾವುದನ್ನು ಎಂದು ಅವರು ಹೇಳಲಿಲ್ಲ. ಹೊಸದಾಗಿ ಬಂದದ್ದನ್ನೇ ಎಂದು ಮಗು ಅರ್ಥ ಮಾಡಿಕೊಂಡಿತು. ಬೀರುವಿನಲ್ಲಿ ಅವಳಿಗಾಗಿ ಎರಡು ಅರೆ ಖಾಲಿ ಮಾಡಿಕೊಟ್ಟಿದ್ದರೂ ಅವಳ ಬಟ್ಟೆಗಳು ಸೂಟ್‌ಕೇಸಿನಲ್ಲಿಯೇ ಉಳಿದವು. ದಿನವೂ ಬೇಕಾದದ್ದನ್ನು ತೆಗೆದು, ಒಗೆದದ್ದನ್ನು ಮಡಿಸಿ ಮತ್ತೆ ಅದರಲ್ಲಿಯೇ ಇಡುತ್ತಿದ್ದಳು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಎರಡು ಮೊಲಗಳನ್ನೂ ಈ ಮನೆಯಲ್ಲಿಯೇ ಉಳಿಸಿಕೊಳ್ಳಬೇಕೆಂದು ನಾನು ಅಂದೇ ನಿಶ್ಚಯಿಸಿದೆ.

ನಾವು ಸಾಕುವ ಮೊಲ ನಮ್ಮ ಕುರುಚಲು ಕಾಡಿನ ಮೊಲವಲ್ಲ. ಇದರ ಮೂಲ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಯದು. ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಬಾಳುವ ನಮ್ಮ ಕಾಡುಮೊಲಕ್ಕೆ ವ್ಯತಿರಿಕ್ತವಾಗಿ, ಇದು ಬಿಲ ತೋಡಿ ಗುಂಪಿನಲ್ಲಿ ವಾಸಿಸುವ ಜಾತಿ. ಆದ್ದರಿಂದ ಇದಕ್ಕೆ ಸಂಗಾತಿಯೂ ಬೇಕು, ತನ್ನದೆಂಬ ನೆಲವೂ ಬೇಕು. ಗಲ್ಲದ ಅಡಿಯಲ್ಲಿ ಇದಕ್ಕೆ ವಾಸನೆಯ ಗ್ರಂಥಿಗಳಿವೆ. ಕುರ್ಚಿಯ ಕಾಲು, ಬಾಗಿಲ ಚೌಕಟ್ಟು, ನಮ್ಮ ಚಪ್ಪಲಿ, ಎಲ್ಲಕ್ಕೂ ಗಲ್ಲ ಉಜ್ಜಿ ಮುದ್ರೆ ಒತ್ತುತ್ತದೆ. ನಮ್ಮ ಮೂಗಿಗೆ ನಿಲುಕದ ಆ ಮುದ್ರೆಯನ್ನು ಇನ್ನೊಂದು ಮೊಲ ಸ್ಪಷ್ಟವಾಗಿ ಓದಿಕೊಳ್ಳುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿ ರೋಮನ್ ಮೈಕಿಟೊವಿಚ್ ಈ ಗಡಿ ಗುರುತಿಸುವ ಕ್ರಮವನ್ನು ವಿವರವಾಗಿ ಅಧ್ಯಯನ ಮಾಡಿ 1968ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದಿದ್ದರು. ಹೀಗಿರುವಾಗ ಬೂದನ ಹಜಾರಕ್ಕೆ ಮಲ್ಲಿಯನ್ನು ಬಿಡುವುದೆಂದರೆ ಪರರ ಕೋಟೆಯೊಳಗೆ ಒಬ್ಬಂಟಿಯನ್ನು ನೂಕಿದಂತೆ. ಇಬ್ಬರಿಗೂ ಸೇರದ ನೆಲವೊಂದು ಬೇಕಾಗಿತ್ತು.

ಅದಕ್ಕೂ ಮೊದಲು ಆಗಬೇಕಾದ ಕೆಲಸಗಳಿದ್ದವು. ಬೂದನಿಗೆ ಹಿಂದೆಯೇ ಸಂತಾನಹರಣ ಚಿಕಿತ್ಸೆಯಾಗಿತ್ತು. ಮಲ್ಲಿಗೆ ಜುಲೈಯಲ್ಲಿ ಮಾಡಿಸಿದೆವು. ಮೊಲದ ಗರ್ಭಾವಧಿ ಸುಮಾರು ಒಂದು ತಿಂಗಳು ಮಾತ್ರ ಎಂಬುದನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ. ಚಿಕಿತ್ಸೆಯಾದೊಡನೆ ಸ್ವಭಾವ ಬದಲಾಗುವುದಿಲ್ಲ. ರಸದೂತಗಳು ಶಮನವಾಗಲು ಕೆಲವು ವಾರ ಹಿಡಿಯುತ್ತದೆ. ಗಂಡಿನಲ್ಲಿ ಚಿಕಿತ್ಸೆಯ ನಂತರವೂ ನಾಲ್ಕರಿಂದ ಆರು ವಾರ ಎಚ್ಚರ ಬೇಕು. ಈ ಅವಧಿಯಲ್ಲಿ ಎರಡು ಪಂಜರಗಳನ್ನೂ ಒಂದು ಗೇಣು ಅಂತರದಲ್ಲಿ ಪಕ್ಕಪಕ್ಕದಲ್ಲಿಟ್ಟೆವು. ನೋಟ ಸಿಗಬೇಕು, ಹಲ್ಲು ಸಿಗಬಾರದು. ಮಕ್ಕಳಿಬ್ಬರೂ ದಿನಕ್ಕೊಮ್ಮೆ ಹಾಸಿನ ಬಟ್ಟೆಗಳನ್ನು ಅದಲುಬದಲು ಮಾಡುತ್ತಿದ್ದರು. ಹೀಗೆ ಪರಸ್ಪರರ ವಾಸನೆ ರೂಢಿಯಾಗುತ್ತದೆ. ಅಲ್ಲಿಯವರೆಗೆ ಒಬ್ಬರೊಡನೊಬ್ಬರು ಹೆಚ್ಚು ಮಾತನಾಡದಿದ್ದ ಅಣ್ಣ ತಂಗಿಯರಿಗೆ ಇದು ಮೊದಲ ಜಂಟಿ ಉದ್ಯೋಗವಾಯಿತು.

ತಟಸ್ಥ ನೆಲವಾಗಿ ನಾನು ಆರಿಸಿದ್ದು ಮಹಡಿಯ ಪಾಠದ ಕೋಣೆಯನ್ನು. ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯ ಪರೀಕ್ಷೆಗೆ ಮುನ್ನ ಚಾಪೆ ಹಾಸಿ ಕುಳಿತ ಅದೇ ಕೋಣೆ. ಎರಡೂ ಮೊಲಗಳು ಅಲ್ಲಿ ಕಾಲಿಟ್ಟಿರಲಿಲ್ಲ. ನೆಲವನ್ನೂ, ಗೋಡೆಯ ಕೆಳಭಾಗವನ್ನೂ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿದೆವು. ಫಿನಾಯಿಲ್ ಬೇಡ, ಅದರ ಕಟುವಾಸನೆಯೇ ಈ ಪ್ರಾಣಿಗಳಿಗೆ ಹಿಂಸೆ. ನಮ್ಮ ಕೆಂಪು ಗಾರೆ ನೆಲ ನುಣುಪು; ಮೊಲದ ಅಂಗಾಲಿನಲ್ಲಿ ನಾಯಿ ಬೆಕ್ಕುಗಳಿಗಿರುವಂಥ ಮೆತ್ತೆಯಿಲ್ಲ, ಬರಿಯ ಕೂದಲು. ಜಾರಿದರೆ ಅಂಜುತ್ತದೆ, ಅಂಜಿದರೆ ಕಚ್ಚುತ್ತದೆ. ಆದ್ದರಿಂದ ಅಟ್ಟದಲ್ಲಿದ್ದ ಹಳೆಯ ಜಮಖಾನವನ್ನು ಒಗೆದು ಹಾಸಿದೆ. ವಿದ್ಯುತ್ ತಂತಿಗಳನ್ನೆಲ್ಲ ಮೇಲಕ್ಕೆ ಕಟ್ಟಿದೆವು. ಬೆಂಚುಗಳನ್ನು ಅಡ್ಡ ನಿಲ್ಲಿಸಿ ಆರು ಅಡಿಗೆ ಎಂಟು ಅಡಿಯ ಅಂಗಳ ಮಾಡಿದೆವು. ತೀರ ಕಿರಿದಾದರೆ ಓಡಿ ತಪ್ಪಿಸಿಕೊಳ್ಳಲು ಸ್ಥಳವಿರುವುದಿಲ್ಲ. ತೀರ ವಿಶಾಲವಾದರೆ ಒಂದೊಂದು ಮೂಲೆ ಒಬ್ಬೊಬ್ಬರ ಪಾಲಾಗುತ್ತದೆ. ಒಣಹುಲ್ಲು, ನೀರಿನ ಬಟ್ಟಲು, ಅವಿತುಕೊಳ್ಳುವ ರಟ್ಟಿನ ಪೆಟ್ಟಿಗೆ, ಎಲ್ಲವೂ ಎರಡೆರಡು, ಎಲ್ಲವೂ ಹೊಸವು. ಪ್ರತಿ ಪೆಟ್ಟಿಗೆಗೂ ಎರಡು ಬಾಗಿಲು ಕೊಯ್ದೆವು. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿದ್ದಕ್ಕೆ ಕಾದಾಡದೆ ಬೇರೆ ದಾರಿಯಿರುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ, ಬಿಸಿಲೇರುವ ಮುನ್ನ, ಮೊದಲ ಭೇಟಿ ನಡೆಯಿತು. ತೋಟಗೆಲಸದ ದಪ್ಪ ಕೈಗವಸು ತೊಟ್ಟು, ಟವೆಲೊಂದನ್ನು ಪಕ್ಕದಲ್ಲಿಟ್ಟುಕೊಂಡು ನಾನು ಕುಳಿತೆ. ಕಿವಿ ಹಿಂದಕ್ಕೆ ಅಂಟಿ, ಬಾಲ ಮೇಲೆದ್ದು, ಮೈ ಬಿಗಿದರೆ ಕಾಳಗದ ಸೂಚನೆ. ಎರಡೂ ಚಕ್ರದಂತೆ ಸುತ್ತಿಕೊಂಡರೆ ಆ ಕ್ಷಣವೇ ಬಿಡಿಸಬೇಕು, ಬರಿಗೈ ಹಾಕಬಾರದು. ತುಸು ಅಟ್ಟಿಸಿಕೊಂಡು ಹೋಗುವುದು, ಮೇಲೇರಲು ನೋಡುವುದು ಹಿರಿತನದ ನಿರ್ಣಯವಷ್ಟೆ. ಅಂದು ಬೂದ ಎರಡು ಸುತ್ತು ಅಟ್ಟಿತು, ಮಲ್ಲಿ ಒಮ್ಮೆ ತಿರುಗಿ ಮುಂಗಾಲೆತ್ತಿತು. ಅನಂತರ ಎರಡೂ ಬೆನ್ನು ತಿರುಗಿಸಿ ಹುಲ್ಲು ಮೇಯತೊಡಗಿದವು. ‘ಇನ್ನೂ ಕೋಪವಾ ತಾತ?’ ಎಂದಳು ಮಗು. ಪರಸ್ಪರ ಲಕ್ಷಿಸದೆ ತಿನ್ನುವುದು ಕೋಪವಲ್ಲ, ನಂಬಿಕೆಯ ಮೊದಲ ಮೆಟ್ಟಿಲು ಎಂದೆ. ಹತ್ತು ನಿಮಿಷಕ್ಕೆ ಮುಗಿಸಿದೆವು. ಜಗಳವಾದ ಮೇಲೆ ನಿಲ್ಲಿಸುವುದಕ್ಕಿಂತ ಸಮಾಧಾನವಿದ್ದಾಗಲೇ ನಿಲ್ಲಿಸುವುದು ಮೇಲು. ಮುಂದಿನ ಭೇಟಿಗೆ ಆ ನೆನಪೇ ಬಂಡವಾಳ.

ಸುಮಾರು ಮೂರು ವಾರ ಹೀಗೆಯೇ ಸಾಗಿತು. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಆಮೇಲೆ ಅರ್ಧ ದಿನವಾಯಿತು. ಒಂದು ಬೆಳಿಗ್ಗೆ ಬೂದ ಮಲ್ಲಿಯ ಬಳಿ ಬಂದು, ತಲೆಯನ್ನು ಅದರ ಗಲ್ಲದ ಕೆಳಗೆ ತಗ್ಗಿಸಿ ಕುಳಿತಿತು. ನೆಕ್ಕಿ ಓರಣ ಮಾಡು ಎಂಬ ಬೇಡಿಕೆ ಅದು. ಮಲ್ಲಿ ಬಹಳ ಹೊತ್ತು ಯೋಚಿಸಿ, ಕೊನೆಗೆ ಅದರ ಹಣೆಯನ್ನು ನೆಕ್ಕಿತು. ಮೊಮ್ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದವನು, ‘ನಿನ್ನ ಮಲ್ಲಿ ಒಳ್ಳೆಯದು ಕಣೇ’ ಎಂದ. ಅವಳು ಏನೂ ಹೇಳಲಿಲ್ಲ. ಮರುದಿನ ಸೂಟ್‌ಕೇಸ್ ಮಂಚದ ಕೆಳಗೆ ಖಾಲಿಯಾಗಿತ್ತು.

ಪ್ರೌಢಶಾಲೆಯಲ್ಲಿ ಬೇರೆ ಬೇರೆ ಕೇರಿಗಳಿಂದ ಬಂದ ಹುಡುಗರ ಗುಂಪುಗಳು ಕಾದಾಡಿದಾಗ, ಅವರನ್ನು ತರಗತಿಯಲ್ಲಿ ಎದುರುಬದುರು ನಿಲ್ಲಿಸಿ ಕೈಕುಲುಕಿಸುವ ಪದ್ಧತಿಯಿತ್ತು. ಅದು ಫಲಿಸಿದ್ದು ಕಡಿಮೆ. ಶಾಲೆಯ ಹಿಂದಿನ ಪಾಳುಜಾಗದಲ್ಲಿ ಗಿಡ ನೆಡಲು ಒಟ್ಟಿಗೆ ಕಳುಹಿಸಿದಾಗ ಫಲಿಸಿದ್ದುಂಟು. ಆ ಜಾಗ ಯಾರದೂ ಆಗಿರಲಿಲ್ಲ. ಕೆಲಸ ಮಾತ್ರ ಇಬ್ಬರದೂ ಆಗಿತ್ತು.

ಮೊಲ ಸಾಕಿರುವ ಶಿಷ್ಯರಿಗೆ ಎರಡು ಮಾತು. ಜೋಡಿ ಕೂಡಿತೆಂದು ಹಳೆಯ ಹಜಾರಕ್ಕೆ ನೇರವಾಗಿ ಬಿಡಬೇಡಿ. ಅಲ್ಲಿಯೂ ಮುದ್ರೆಗಳನ್ನು ಒರೆಸಿ, ಸಾಮಾನುಗಳ ಜಾಗ ಬದಲಿಸಿ, ನೆಲವನ್ನು ಹೊಸದು ಮಾಡಿದ ಮೇಲೆಯೇ ಬಿಡಿ. ನಾವು ವಿಜಯದಶಮಿಯ ಹೊತ್ತಿಗೆ ಹಾಗೆ ಮಾಡಿದೆವು. ಎರಡನೆಯದು, ಒಂದನ್ನು ವೈದ್ಯರಲ್ಲಿಗೆ ಒಯ್ಯುವಾಗ ಇನ್ನೊಂದನ್ನೂ ಒಯ್ಯಿರಿ. ಆಸ್ಪತ್ರೆಯ ಅಪರಿಚಿತ ವಾಸನೆ ಹೊತ್ತು ಒಂದೇ ಮರಳಿದರೆ ಉಳಿದದ್ದು ಅದನ್ನು ಗುರುತಿಸದೆ ಮತ್ತೆ ಕಾಳಗಕ್ಕಿಳಿಯಬಹುದು. ಆ ವರ್ಷದ ದೀಪಾವಳಿಯ ಪಟಾಕಿಯ ಸದ್ದಿಗೆ ಎರಡೂ ಓಡಿ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಅವಿತವು. ಇನ್ನೊಂದು ಪೆಟ್ಟಿಗೆ ಖಾಲಿಯಾಗಿಯೇ ಇತ್ತು. ಆದರೂ ಅದನ್ನು ನಾವು ಇಂದಿಗೂ ತೆಗೆದಿಲ್ಲ.