ಕೆರೆಯ ದಂಡೆಯ ಹನ್ನೆರಡು ತಿಂಗಳು

ಕೊಡೈಕನಾಲಿನಲ್ಲಿ ವಾಸವಾಗಿದ್ದೇನೆಂದು ತಿಳಿಸಿದೊಡನೆ ನನ್ನ ಹಳೆಯ ಸಹೋದ್ಯೋಗಿಗಳು ಹೇಳುವ ಮಾತು ಒಂದೇ: “ಪುಣ್ಯವಂತರು ಮಾರಾಯ್ರೆ, ವರ್ಷವಿಡೀ ರಜೆ!” ಅವರ ಮಾತಿನಲ್ಲಿ ಅಸೂಯೆಯಿಲ್ಲ, ಪ್ರೀತಿಯೇ ಇದೆ. ಆದರೆ ಎರಡು ದಿನ ಇದ್ದು ಹೋಗುವವರು ಕಾಣುವ ಊರು ಬೇರೆ, ಹನ್ನೆರಡು ತಿಂಗಳೂ ಇರುವವರ ಊರು ಬೇರೆ. ಈ ಎರಡನೆಯ ಊರಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮಲೆನಾಡಿನಲ್ಲಿ ಮೂರು ದಶಕ ಗಣಿತ ಕಲಿಸಿ 2019ರಲ್ಲಿ ನಿವೃತ್ತನಾದೆ. ಮಗಳು, ಅಳಿಯ ಇಬ್ಬರೂ ಇಲ್ಲಿ ಉದ್ಯೋಗದಲ್ಲಿರುವುದರಿಂದ 2021ರಲ್ಲಿ ನಾನೂ ನನ್ನ ಪತ್ನಿಯೂ ಇಲ್ಲಿಗೆ ಬಂದು ನೆಲೆಸಿದೆವು. ಮನೆಯಿಂದ ಕೆರೆಗೆ ಹತ್ತು ನಿಮಿಷದ ದಾರಿ. ನಕ್ಷತ್ರದಾಕಾರದ ಈ ಕೆರೆಯ ಸುತ್ತಳತೆ ಸುಮಾರು 5 ಕಿಲೋಮೀಟರ್. ಮಂಡಿ ನೋವಿಲ್ಲದ ದಿನ ಪೂರ್ತಿ ಸುತ್ತು, ನೋವಿರುವ ದಿನ ಅರ್ಧ ಸುತ್ತು ನಡೆಯುವುದು ನನ್ನ ನಿತ್ಯದ ಪಾಠ.

ಇದು ಪ್ರಕೃತಿ ಕೊಟ್ಟ ಸರೋವರವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ಕಟ್ಟಿದ ಕೆರೆ. ಬಯಲುಸೀಮೆಯ ಜ್ವರಗಳಿಗೆ ತಮ್ಮವರನ್ನು ಕಳೆದುಕೊಂಡಿದ್ದ ಮಧುರೈಯ ಅಮೆರಿಕನ್ ಮಿಷನರಿಗಳು 1845ರಲ್ಲಿ ಆರೋಗ್ಯಕ್ಕಾಗಿ ಇಲ್ಲಿ ಮನೆ ಕಟ್ಟಿಕೊಂಡರು. 1863ರಲ್ಲಿ ಮಧುರೈಯ ಕಲೆಕ್ಟರ್ ವೇರ್ ಲೆವಿಂಜ್ ಎಂಬವರು ಜೌಗುಪ್ರದೇಶದ ತೊರೆಗಳಿಗೆ ಅಡ್ಡಗಟ್ಟೆ ಹಾಕಿಸಿ ಈ ಕೆರೆಯನ್ನು ನಿರ್ಮಿಸಿದರು. ಘಟ್ಟದ ಮೇಲೆ ಮೋಟಾರು ರಸ್ತೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಲ್ಲಿಯವರೆಗೆ ದೊರೆಗಳನ್ನೂ ದೊರೆಸಾನಿಯರನ್ನೂ ಡೋಲಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ತರುತ್ತಿದ್ದವರು ಕೂಲಿಯಾಳುಗಳು. ಸುತ್ತಲಿನ ವಿಲ್ಪಟ್ಟಿ, ಪೂಂಬಾರೈಯಂತಹ ಹಳ್ಳಿಗಳು ತಮ್ಮ ಪಾಡಿಗೆ ಬೇಸಾಯ ಮಾಡಿಕೊಂಡು ಬಂದಂಥವು. ಆದರೆ ಪಟ್ಟಣವು ಹುಟ್ಟಿದಂದಿನಿಂದಲೇ ಅತಿಥಿಗಳ ಊರು; ಅತಿಥಿಗಳನ್ನು ಹೊರುವುದು ಇಲ್ಲಿಯವರ ಕಸುಬು.

ನಮ್ಮಲ್ಲಿ ಜೂನ್ ಎಂದರೆ ಮಳೆ ಹಿಡಿಯುವ ಕಾಲ. ಇಲ್ಲಿ ದೊಡ್ಡ ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಿಂದ. ಆಗ ಮಂಜು ಕಿಟಕಿಯವರೆಗೆ ಬಂದು ನಿಲ್ಲುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಪುಸ್ತಕದ ರಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ಮರ ಬಿದ್ದರೆ ವಿದ್ಯುತ್ತು ಹೋಗುತ್ತದೆ. ಜನವರಿಯ ಮುಂಜಾನೆ ತಗ್ಗಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಕಾಣುತ್ತದೆ. ಕೆರೆಯಿಂದ ಹಬೆ ಏಳುತ್ತಿರುವಾಗ ದಂಡೆಯ ಮೇಲೆ ಇರುವವರು ನಾನು, ಹಾಲಿನವನು ಮತ್ತು ಕುದುರೆಗಳಿಗೆ ಮೇವು ತರುವ ಒಂದಿಬ್ಬರು ಮಾತ್ರ. ಆ ಹೊತ್ತಿನ ಚೆಲುವಿಗೆ ಯಾರೂ ದುಡ್ಡು ಕೊಡುವುದಿಲ್ಲ. ಆದ್ದರಿಂದಲೇ ಆ ತಿಂಗಳುಗಳಲ್ಲಿ ಊರಿನ ಅರ್ಧದಷ್ಟು ಜನ ಸಾಲದ ಲೆಕ್ಕ ಹಾಕುತ್ತಿರುತ್ತಾರೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಟ್ಯಾಕ್ಸಿ ಚಾಲಕನ ಮನೆಯಿದೆ. ಆತನ ಮಗ ಮಳೆಗಾಲದ ಸಂಜೆಗಳಲ್ಲಿ ನನ್ನ ಬಳಿ ಗಣಿತ ಕಲಿಯಲು ಬರುತ್ತಾನೆ. ನನ್ನ ತಮಿಳು ಅಷ್ಟಕ್ಕಷ್ಟೇ; ಆದರೂ ಬೀಜಗಣಿತಕ್ಕೆ ಭಾಷೆ ಅಡ್ಡಿಯಾಗಲಿಲ್ಲ. ಬೇಸಿಗೆಯ ರಜೆ ಬಂತೆಂದರೆ ಆ ಹುಡುಗ ಪತ್ತೆಯಿಲ್ಲ. ಕೆರೆಯ ದಂಡೆಯಲ್ಲಿ ಬಾಡಿಗೆ ಸೈಕಲ್ಲುಗಳ ಲೆಕ್ಕ ಬರೆಯುತ್ತಿರುತ್ತಾನೆ. ಏಪ್ರಿಲ್, ಮೇ ತಿಂಗಳುಗಳ ಗಳಿಕೆಯಲ್ಲಿ ವರ್ಷದ ಸಂಸಾರ ಸಾಗಬೇಕು.

ಆ ಮೇ ತಿಂಗಳ ಮತ್ತೊಂದು ಮುಖವನ್ನು ನಾವು 2023ರಲ್ಲಿ ಕಂಡೆವು. ಒಂದು ಶನಿವಾರ ಮಧ್ಯಾಹ್ನ ನನ್ನ ಪತ್ನಿಗೆ ಎದೆನೋವು ಕಾಣಿಸಿಕೊಂಡಿತು. ಇಲ್ಲಿಯ ವೈದ್ಯರು ಪ್ರಥಮ ಚಿಕಿತ್ಸೆ ನೀಡಿ, ತಡಮಾಡದೆ ಮಧುರೈಗೆ ಕರೆದೊಯ್ಯುವಂತೆ ಹೇಳಿದರು. ಆಂಬುಲೆನ್ಸು ಮತ್ತೊಬ್ಬ ರೋಗಿಯೊಂದಿಗೆ ಆಗಲೇ ಘಟ್ಟ ಇಳಿದಿತ್ತು. ಕೇಳಿದೊಡನೆ ಆ ಟ್ಯಾಕ್ಸಿಯವನು ಅಂದಿನ ಬಾಡಿಗೆಯನ್ನು ಬಿಟ್ಟು ಗಾಡಿ ತಂದ. ಮಧುರೈಗೆ ಸುಮಾರು 120 ಕಿಲೋಮೀಟರ್. ಸಾಮಾನ್ಯ ದಿನಗಳಲ್ಲಿ ಮೂರೂವರೆ ಗಂಟೆಯ ಪ್ರಯಾಣ. ಅಂದು ಸಿಲ್ವರ್ ಕ್ಯಾಸ್ಕೇಡ್ ಜಲಪಾತ ತಲುಪುವುದಕ್ಕೇ ಎರಡು ಗಂಟೆ ಬೇಕಾಯಿತು. ನಮ್ಮ ಕೆರೆಯಿಂದ ಹೊರಬಿದ್ದ ನೀರೇ ಅಲ್ಲಿ ಧುಮುಕುವುದು. ಪ್ರವಾಸಿಗರು ರಸ್ತೆಯ ಎರಡೂ ಬದಿ ವಾಹನ ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಚಾಲಕನ ತಮ್ಮ ಕಾರಿನಿಂದಿಳಿದು ತಿರುವಿನಿಂದ ತಿರುವಿಗೆ ಮುಂದೆ ಓಡುತ್ತ, ಒಂದೊಂದೇ ಗಾಡಿಯವರಿಗೆ ಕೈಮುಗಿದು ದಾರಿ ಬಿಡಿಸಿದ. ಯಾರೂ ಕೆಟ್ಟವರಾಗಿರಲಿಲ್ಲ, ವಿಷಯ ತಿಳಿದ ಕೂಡಲೇ ಎಲ್ಲರೂ ಸರಿದರು. ಆದರೆ ಸರಿಯಲು ಜಾಗವೇ ಇರಲಿಲ್ಲ. ಆಸ್ಪತ್ರೆ ತಲುಪಿದಾಗ ರಾತ್ರಿ ಹತ್ತು ಗಂಟೆ. ದೇವರ ದಯದಿಂದ ಆಕೆ ಉಳಿದಳು.

ಮರುವರ್ಷ, ಮದರಾಸು ಹೈಕೋರ್ಟಿನ ಆದೇಶದಂತೆ, 2024ರ ಮೇ 7ರಿಂದ ಕೊಡೈಕನಾಲಿಗೂ ನೀಲಗಿರಿಗೂ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ಇಲ್ಲಿ ದಿನಕ್ಕೆ 4,000, ವಾರಾಂತ್ಯದಲ್ಲಿ 6,000 ವಾಹನಗಳೆಂಬ ಮಿತಿಯೂ ಬಂತು. 2011ರ ಜನಗಣತಿಯಂತೆ ಈ ಪಟ್ಟಣದ ಜನಸಂಖ್ಯೆ ಸುಮಾರು 36,500. ಗಾಡಿಗೆ ನಾಲ್ವರೆಂದು ಹಿಡಿದರೂ 6,000 ಗಾಡಿಗಳಲ್ಲಿ 24,000 ಜನ. ಅಂದರೆ ಒಂದೇ ದಿನ ಊರಿನ ಮೂರನೆಯ ಎರಡು ಭಾಗದಷ್ಟು ಮಂದಿ ಹೊಸದಾಗಿ ಬಂದಂತೆ. ಮಿತಿ ಹಾಕಿದ ಮೇಲಿನ ಲೆಕ್ಕ ಇದು! ಅವರೆಲ್ಲರ ಸ್ನಾನಕ್ಕೆ ಬೇಕಾದ ನೀರು, ಅವರು ಬಿಟ್ಟುಹೋಗುವ ಕಸ, ಎರಡನ್ನೂ ಇದೇ ಬೆಟ್ಟ ಹೊರಬೇಕು.

ನಾನು ಆ ಆದೇಶವನ್ನು ಮನಸಾರೆ ಸ್ವಾಗತಿಸಿದೆ. ನನ್ನ ಪತ್ನಿಯನ್ನು ಬದುಕಿಸಿದ ಚಾಲಕನೋ ಅದನ್ನು ಅಷ್ಟೇ ಬಲವಾಗಿ ವಿರೋಧಿಸಿದ. “ಸಾರ್, ನಿಮಗೆ ತಿಂಗಳಾದರೆ ಪಿಂಚಣಿ ಬರುತ್ತದೆ. ನನ್ನ ಗಾಡಿಯ ಕಂತಿಗೆ ಯಾವ ಕೋರ್ಟು ಪಾಸ್ ಕೊಡುತ್ತದೆ?” ಎಂದು ಕೇಳಿದ. ನಾನು ಆ ರಾತ್ರಿಯನ್ನು ನೆನಪಿಸಿದೆ. “ಅಮ್ಮನಿಗೆ ಮತ್ತೆ ಹಾಗಾದರೆ ಮತ್ತೆ ಬರುತ್ತೇನೆ ಸಾರ್. ಆದರೆ ಬರಬೇಕಾದರೆ ಗಾಡಿ ನನ್ನ ಹತ್ತಿರ ಇರಬೇಕಲ್ಲ” ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ನಮ್ಮಿಬ್ಬರ ಅಭಿಪ್ರಾಯ ಒಂದಾಗಿಲ್ಲ. ಅವನ ಮಗ ಮಾತ್ರ ಮಳೆ ಶುರುವಾದೊಡನೆ ಪುಸ್ತಕ ಹಿಡಿದು ಬರುತ್ತಾನೆ.

ಹೀಗೆ ಯೋಚಿಸುವಾಗ ನನಗೆ ಅನಿಸುವುದು ಇಷ್ಟು: ಈ ಊರಿಗೆ ಅತಿಥಿಗಳು ಬೇಡವೆನ್ನುವ ಹಕ್ಕು ನನಗಿಲ್ಲ, ನಾನೂ ಹೊರಗಿನಿಂದ ಬಂದವನೇ. ಆದರೆ ಅತಿಥಿ ತನ್ನ ಕಾಲದಲ್ಲಿ ಬಂದು ಹೋಗುತ್ತಾನೆ. ನಿವಾಸಿಗೆ ಎಲ್ಲ ಕಾಲಗಳೂ ಬೇಕು. ಮೇ ತಿಂಗಳ ಗಳಿಕೆಯೂ ಬೇಕು, ಅದೇ ತಿಂಗಳಲ್ಲಿ ಆಸ್ಪತ್ರೆಗೆ ಇಳಿಯುವ ದಾರಿಯೂ ಬೇಕು. ಮಧುರೈಗೆ ಇಳಿಯಬೇಕಾಗದಷ್ಟು ಒಳ್ಳೆಯ ಹೃದಯ ಚಿಕಿತ್ಸೆ ಬೆಟ್ಟದ ಮೇಲೆಯೇ ದೊರೆತರೆ, ಮಳೆಗಾಲದಲ್ಲೂ ದುಡಿಯುವ ಕೈಗಳಿಗೆ ಕೆಲಸವಿದ್ದರೆ, ಬಹುಶಃ ನಾವಿಬ್ಬರೂ ವಾದಿಸಬೇಕಾಗಿರಲಿಲ್ಲ.

ಇಲ್ಲಿಯ ಬೆಟ್ಟಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ ಅರಳುತ್ತದೆ. ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಅದು 2022ರಲ್ಲಿ ಅರಳಿದಾಗ ನಾನು ಇಲ್ಲಿದ್ದೆ. ಇಲ್ಲಿ 2018ರಲ್ಲಿ ಅರಳಿದಾಗ ಅಲ್ಲಿದ್ದೆ! ಇನ್ನು 2030ಕ್ಕೆ ಕಾಯಬೇಕು. ಆಗ ಜನಸಾಗರವೇ ಹರಿದು ಬರುತ್ತದೆಂಬುದರಲ್ಲಿ ಸಂಶಯವಿಲ್ಲ. ಹೂವಿಲ್ಲದ ಹನ್ನೊಂದು ವರ್ಷಗಳಲ್ಲಿ ಆ ಗಿಡ ಇಳಿಜಾರಿನಲ್ಲಿ ಸುಮ್ಮನೆ ಹಸಿರಾಗಿ ನಿಂತಿರುತ್ತದೆ. ನನ್ನ ಸಂಜೆಯ ನಡಿಗೆಯಲ್ಲಿ ಒಂದು ಪೊದೆಯನ್ನು ಗುರುತು ಮಾಡಿಟ್ಟುಕೊಂಡಿದ್ದೇನೆ. ಈ ವರ್ಷ ಅದು ನನ್ನ ಸೊಂಟದೆತ್ತರಕ್ಕೆ ಬೆಳೆದಿದೆ.