ಮೂಲೆ ಮುರಿದ ಅಡೆಗಲ್ಲು

ಪಿ.ಯು.ಸಿ. ಮುಗಿಸಿದ ಮಗ ಕುಲುಮೆ ಹಾಕುತ್ತೇನೆಂದರೆ ನೀವೇನು ಮಾಡುತ್ತೀರಿ? ನಾನು ಒಂದು ವಾರ ಮಾತು ಬಿಟ್ಟೆ. ಆಮೇಲೆ ಅವನೊಂದಿಗೆ ಗುಜರಿ ಅಂಗಡಿಗೆ ಹೋದೆ.

ಅಲ್ಲಿ ಹಳೆಯ ಅಡೆಗಲ್ಲೊಂದಿತ್ತು. ಕಾದ ಕಬ್ಬಿಣವಿಟ್ಟು ಬಡಿಯುವ ಉಕ್ಕಿನ ದಿಮ್ಮಿ. ಅಂಚಿನಲ್ಲಿ ಚಕ್ಕೆ ಎದ್ದಿತ್ತು, ನಡು ತುಸು ತಗ್ಗಿತ್ತು. ಬೆಲೆ ಎಂಟು ಸಾವಿರ. ಚೀಟಿಯಲ್ಲಿ ನಾನು ಕೂಡಿಟ್ಟದ್ದೂ ಅಷ್ಟೇ. ದಾವೂದ್(ಅ)ರ ಕೈಯಲ್ಲಿ ಕಬ್ಬಿಣ ಮೃದುವಾದುದನ್ನು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಅಡೆಗಲ್ಲು ಮುಟ್ಟಿದ್ದು ಮಾತ್ರ ಅಂದೇ!

“ಬೇಡ, ಮುರಿದಿದೆ” ಎಂದೆ.

“ಕೇಳಿ ಉಮ್ಮಾ” ಎಂದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಗಂಟೆಯಂತೆ ಮೊಳಗಿತು. ಒಳಗೆ ಬಿರುಕಿದ್ದರೆ ಸ್ವರ ಮಂಕಾಗುತ್ತದಂತೆ. ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ? ಬಳಿಕ ಬೇರಿಂಗಿನ ಗುಂಡೊಂದನ್ನು ಹತ್ತು ಅಂಗುಲ ಮೇಲಿಂದ ಬಿಟ್ಟ. ಎಂಟು ಅಂಗುಲ ಪುಟಿಯಿತು. ತಗ್ಗಿನಲ್ಲೂ ಹಾಗೆಯೇ. ಬರೀ ಬೀಡುಕಬ್ಬಿಣವಾಗಿದ್ದರೆ ಗುಂಡು ಅಷ್ಟು ಪುಟಿಯದು.

ಅಂಗಡಿಯವರು ಸಾವಿರ ಕೊಟ್ಟರೆ ವೆಲ್ಡಿಂಗ್ ಮಾಡಿ, ಉಜ್ಜಿ ಹೊಸದರಂತೆ ಮಾಡಿಕೊಡುತ್ತೇವೆಂದರು. ನನಗೆ ಆಸೆಯಾಯಿತು. ಮಗ ಒಪ್ಪಲಿಲ್ಲ. ಆ ಬಿಸಿಗೆ ಮೇಲ್ಮೈಯ ಗಡಸುತನ ಹೋಗುತ್ತದೆ, ಉಜ್ಜಿದರೆ ಗಡಸು ಪದರವೇ ತೆಳುವಾಗುತ್ತದೆ ಎಂದ. ಕಲಿಯುವವನಿಗೆ ಒಂದು ಗೇಣು ಅಂಚು ನೆಟ್ಟಗಿದ್ದರೆ ಸಾಕಂತೆ. ಪಕ್ಕದಲ್ಲಿ ರೈಲು ಹಳಿಯ ತುಂಡೊಂದು ಅಗ್ಗಕ್ಕಿತ್ತು. ಎಲ್ಲಿಂದ ಬಂತೆಂದು ಕೇಳಿದೆ. ಉತ್ತರ ಬರಲಿಲ್ಲ. ಅದರ ಆಸೆ ಬಿಟ್ಟೆವು.

ಚೌಕಾಸಿ ಮಾಡಿ ಏಳು ಸಾವಿರಕ್ಕೆ ಅಡೆಗಲ್ಲನ್ನೇ ತಂದೆವು. ಅವನು ಮೊದಲು ಮಾಡಿದ ಕೊಕ್ಕೆ ಸೊಟ್ಟಗಿದೆ. ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿ ಅದರಲ್ಲೇ ತೂಗುತ್ತಿದೆ.